ಆರು ವಾರ ಮುಗಿದ ಮೇಲೆ

ಹೆಂಗಸರ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್‌ಗೆ ಏನು ಕೆಲಸ ಎಂದು ನನ್ನನ್ನು ಕೇಳದ ನೆಂಟರಿಲ್ಲ. ಮೂಳೆ ಮುರಿದವರಿಗೆ, ಲಕ್ವ ಹೊಡೆದವರಿಗೆ, ಕ್ರಿಕೆಟ್ ಆಡಲು ಹೋಗಿ ಮಂಡಿ ತಿರುಚಿಕೊಂಡವರಿಗೆ ಫಿಸಿಯೋ ಬೇಕು, ಸರಿ. ಹೆರಿಗೆಗೆ, ಗರ್ಭಕೋಶದ ಕಾಯಿಲೆಗೆ ಬಂದವರಿಗೆ ನೀನೇನು ಮಾಡುತ್ತೀಯ ಎಂಬುದು ಅವರ ಪ್ರಶ್ನೆ. ನನ್ನ ಸೋದರಮಾವ ಒಬ್ಬರಂತೂ ನಾನು ನಿವೃತ್ತಳಾಗುವ ತನಕ ‘ನಮ್ಮ ಭಾರತಿ ಆಸ್ಪತ್ರೆಯ ಮಸಾಜ್ ಡಿಪಾರ್ಟ್‌ಮೆಂಟಿನಲ್ಲಿದ್ದಾಳೆ’ ಎಂದೇ ಎಲ್ಲರಿಗೂ ಪರಿಚಯ ಮಾಡಿಸುತ್ತಿದ್ದರು.

ಅವರನ್ನು ದೂರಿ ಪ್ರಯೋಜನವಿಲ್ಲ. ಕೆಲಸಕ್ಕೆ ಸೇರಿದ ದಿನ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮೈಸೂರಿನ ಆ ಆಸ್ಪತ್ರೆಯಲ್ಲಿ ನನಗೆ ಕೆಳಗಿನ ಮಹಡಿಯ ಕೊನೆಯ ಕೋಣೆ ಕೊಟ್ಟರು. ಒಂದು ಮಂಚ, ಒಂದು ನಿಲುವುಗನ್ನಡಿ, ಅರ್ಧಕ್ಕೆ ಎಳೆದರೆ ಸಿಕ್ಕಿಹಾಕಿಕೊಳ್ಳುವ ಹಸಿರು ಪರದೆ. ಆ ಕೋಣೆಯಲ್ಲೇ ನನ್ನ ತಲೆ ಬೆಳ್ಳಗಾಯಿತು. ಈಗ ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗಿಯರು ಮನೆಗೆ ಬಂದು, ‘ಮೇಡಂ, ಗರ್ಭಕೋಶ ತೆಗೆದವರಿಗೆ ಯಾವಾಗಿಂದ ಯಾವ ವ್ಯಾಯಾಮ ಮಾಡಿಸ್ತಿದ್ರಿ?’ ಎಂದು ಕೇಳುತ್ತಾರೆ. ವ್ಯಾಯಾಮ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದಿಡೋಣ ಎಂದು ಕುಳಿತಿದ್ದೇನೆ.

ನಾನು ಸೇರಿದಾಗ ಗರ್ಭಕೋಶದ ಆಪರೇಷನ್ ಎಂದರೆ ಹೊಟ್ಟೆಯ ಮೇಲೆ ಗೇಣುದ್ದದ ಗಾಯ. ಆಪರೇಷನ್ ಆದ ಹೆಂಗಸು ಅಲುಗದೆ ಮಲಗಿರಬೇಕು ಎಂಬುದು ಮನೆಯವರ ನಂಬಿಕೆ. ಅಲುಗಿದರೆ ಹೊಲಿಗೆ ಬಿಚ್ಚುತ್ತದೆ, ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ಕಿವಿಗೆ ಹತ್ತಿ ಇಡದಿದ್ದರೆ ಶೀತ ಒಳಗೆ ಸೇರುತ್ತದೆ. ಕೆಮ್ಮು ಬಂದರೂ ನುಂಗಿಕೊಂಡು ಮಲಗಿರುತ್ತಿದ್ದರು. ನನ್ನ ಮೊದಲ ಕೆಲಸ ಅವರಿಗೆ ಕೆಮ್ಮುವುದನ್ನು ಕಲಿಸುವುದು. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು, ಮಂಡಿ ಮಡಿಸಿ, ಧೈರ್ಯವಾಗಿ ಕೆಮ್ಮಿ ಕಫ ಆಚೆ ಹಾಕುವುದು. ಎರಡನೆಯದು, ಎಬ್ಬಿಸಿ ನಡೆಸುವುದು.

ಇದರಿಂದಲೇ ನಮ್ಮ ದೊಡ್ಡ ಡಾಕ್ಟರು ವನಜಾಕ್ಷಿ ಮೇಡಂ ಜೊತೆ ನನ್ನ ಮೊದಲ ಜಗಳ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಇಡೀ ಆಸ್ಪತ್ರೆಯನ್ನು ಬಿರಬಿರನೆ ಸುತ್ತುತ್ತಿದ್ದ ಅವರು ಕೈಗುಣಕ್ಕೆ ಹೆಸರಾದವರು, ಬಾಯಿಗೂ ಹೆಸರಾದವರು. ಆಪರೇಷನ್ ಆದ ಮರುದಿನ ಬೆಳಿಗ್ಗೆ ರೌಂಡ್ಸ್‌ಗೆ ಬಂದಾಗ ಒಂದು ಹಾಸಿಗೆ ಖಾಲಿ.

‘ನನ್ನ ಪೇಷೆಂಟ್ ಎಲ್ರೀ?’

ಪೇಷೆಂಟ್ ನನ್ನ ತೋಳು ಹಿಡಿದುಕೊಂಡು ವರಾಂಡದ ಕಿಟಕಿಯ ಬಳಿ ನಿಂತು, ಕೆಳಗೆ ಸೊಪ್ಪಿನ ಗಾಡಿಯವನು ಚೌಕಾಸಿ ಮಾಡುವುದನ್ನು ನೋಡುತ್ತಿದ್ದರು. ಮೇಡಂ ಎಲ್ಲರೆದುರು ನನ್ನನ್ನು ಬೈದರು. ಮಧ್ಯಾಹ್ನ ಅದೇ ಹೆಂಗಸಿಗೆ ಹೊಟ್ಟೆಯುಬ್ಬರ ಇಳಿದು, ಎದ್ದು ಕೂತು ಕಾಫಿ ಕುಡಿಯುತ್ತಿದ್ದುದನ್ನು ಕಂಡರು. ನನ್ನ ಕೋಣೆಯ ಬಾಗಿಲಲ್ಲಿ ತಲೆ ಮಾತ್ರ ತೂರಿಸಿ, ‘ನಾಳೆ ಪಕ್ಕದ ಬೆಡ್‌ನವರನ್ನೂ ನಡೆಸಿ’ ಎಂದು ಹೋದರು. ಅವರು ಕ್ಷಮೆ ಕೇಳುತ್ತಿದ್ದ ರೀತಿ ಅದು.

ನನ್ನ ಎಡವಟ್ಟುಗಳಿಗೂ ಬರವಿರಲಿಲ್ಲ. ಮೂತ್ರಚೀಲ, ಯೋನಿ, ಗುದದ್ವಾರಗಳನ್ನು ಕೆಳಗಿನಿಂದ ಎತ್ತಿ ಹಿಡಿದಿರುವ ಸ್ನಾಯುಗಳಿವೆ. ಗರ್ಭಕೋಶ ತೆಗೆದ ಮೇಲೆ ಅವು ಗಟ್ಟಿಯಾಗಿರುವುದು ಮುಖ್ಯ. ಇದನ್ನು ವಾರ್ಡಿನಲ್ಲಿ ಕಲಿಸಲು ಹೋದ ಮೊದಲ ದಿನ, ಹಿಂದಿನ ಸಂಜೆ ಬಾಯಿಪಾಠ ಮಾಡಿಕೊಂಡಿದ್ದಂತೆ, ‘ಎಲ್ಲರೂ ಶ್ರೋಣಿಯ ತಳಭಾಗದ ಸ್ನಾಯುಗಳನ್ನು ಸಂಕುಚಿತಗೊಳಿಸಿ’ ಎಂದೆ. ಅಗ್ರಹಾರದಿಂದ ಬಂದಿದ್ದ ಒಬ್ಬರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರೇ ಕೊನೆಗೆ ಬಾಯಿ ಬಿಟ್ಟರು.

‘ನೀನು ಹೇಳಿದ್ದರ ಅರ್ಥ ನನಗೆ ಗೊತ್ತಾಯಿತು ಕಣಮ್ಮ. ಆದರೆ ಅದು ಎಲ್ಲಿದೆ?’

ನಾನು ಸ್ವಲ್ಪ ಯೋಚಿಸಿ, ‘ಬಸ್ಸಿನಲ್ಲಿ ಕೂತಿದ್ದೀರಿ. ಮನೆ ಇನ್ನೂ ದೂರ. ಮೂತ್ರಕ್ಕೆ ಬಂದಿದೆ. ಏನು ಮಾಡ್ತೀರಿ?’ ಎಂದೆ. ವಾರ್ಡಿಗೆ ವಾರ್ಡೇ ನಕ್ಕಿತು. ನಕ್ಕರೆ ಹೊಲಿಗೆ ನೋಯುತ್ತದೆ. ಅಯ್ಯೋ ಅಮ್ಮಾ ಎಂದು ದಿಂಬು ಒತ್ತಿ ಹಿಡಿದುಕೊಂಡು ನಕ್ಕರು. ಅಂದಿನಿಂದ ಪುಸ್ತಕದ ಭಾಷೆಯನ್ನು ಪುಸ್ತಕದಲ್ಲೇ ಬಿಟ್ಟೆ.

ಬರಬರುತ್ತಾ ದೊಡ್ಡ ಗಾಯ ಹೋಗಿ ಸಣ್ಣ ರಂಧ್ರಗಳ ಆಪರೇಷನ್ ಬಂತು. ಹೊಟ್ಟೆಯ ಮೇಲೆ ಮೂರು ನಾಲ್ಕು ಚುಕ್ಕೆ, ಎರಡು ಮೂರು ದಿನಕ್ಕೆ ಮನೆ. ನೋವು ಕಡಿಮೆ, ಸೋಂಕು ಕಡಿಮೆ, ಎಲ್ಲಾ ಒಳ್ಳೆಯದೇ. ಆದರೆ ಒಂದು ಹೋಯಿತು. ಮೊದಲು ವಾರಗಟ್ಟಲೆ ಅಕ್ಕಪಕ್ಕ ಮಲಗಿದ ಹೆಂಗಸರು ಡಾಕ್ಟರ ಹತ್ತಿರ ಕೇಳಲಾಗದ್ದನ್ನು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ‘ನಿಮ್ಮ ಮನೇಲಿ ಹೇಗೆ, ನಿಮ್ಮೋರು ಹೇಗೆ’ ಎಂದು ಪಿಸುಗುಡುತ್ತಿದ್ದರು. ಈಗ ಪಕ್ಕದವರ ಹೆಸರು ಗೊತ್ತಾಗುವಷ್ಟರಲ್ಲಿ ಆಟೋ ಬಂದಿರುತ್ತದೆ. ಹೊರಗಿನ ಗಾಯ ಕಾಣದ್ದರಿಂದ ಮನೆಯವರೂ ಎಲ್ಲಾ ಮುಗಿಯಿತು ಎಂದುಕೊಳ್ಳುತ್ತಾರೆ. ಒಳಗಿನ ಗಾಯ ಮಾಗಲು ಮೊದಲಿನಷ್ಟೇ ಸಮಯ ಬೇಕು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಮನೆಗೆ ಕಳಿಸುವಾಗ ವನಜಾಕ್ಷಿ ಮೇಡಂ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. ‘ಭಾರ ಎತ್ತಬೇಡಿ. ಮಲಬದ್ಧತೆ ಮಾಡ್ಕೋಬೇಡಿ. ರಕ್ತ ಹೋದರೆ, ಜ್ವರ ಬಂದರೆ ತಕ್ಷಣ ಬನ್ನಿ.’ ಆಮೇಲೆ ಕೇಸ್ ಶೀಟ್ ನೋಡುತ್ತಾ, ದನಿ ತಗ್ಗಿಸಿ, ‘ಆರು ವಾರ ಗಂಡನಿಂದ ದೂರ ಇರಿ.’ ಅಷ್ಟು ಗಟ್ಟಿಗಿತ್ತಿಯ ದನಿ ಆ ಒಂದು ವಾಕ್ಯಕ್ಕೆ ಮಾತ್ರ ತಗ್ಗುತ್ತಿತ್ತು. ನನಗೂ ಅದು ವಿಚಿತ್ರ ಅನಿಸಿರಲಿಲ್ಲ, ನಾಗರತ್ನ ಬರುವ ತನಕ.

ನಾಗರತ್ನ ಕುಂಬಾರಕೊಪ್ಪಲಿನವರು. ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಗಂಡ ಶಿವಣ್ಣ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್. ಮಗಳಿಗೆ ಮದುವೆಯಾಗಿತ್ತು, ಮನೆಯಲ್ಲಿ ಗಂಡ, ಹೆಂಡತಿ, ಶಿವಣ್ಣನ ತಾಯಿ ತಾಯಮ್ಮ. ಗರ್ಭಕೋಶದಲ್ಲಿ ಗಡ್ಡೆಗಳಾಗಿ, ತಿಂಗಳಲ್ಲಿ ಅರ್ಧದಷ್ಟು ದಿನಗಳು ರಕ್ತಸ್ರಾವವಾಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಂತಾದಾಗ ನಾಗರತ್ನ ನಮ್ಮಲ್ಲೇ ಆಪರೇಷನ್ ಮಾಡಿಸಿಕೊಂಡಿದ್ದರು. ಆರೇಳು ತಿಂಗಳ ಮೇಲೆ ಸೊಂಟ ನೋವೆಂದು ನನ್ನ ಕೋಣೆಗೆ ಬಂದರು.

ಹೊಲಿಗೆಯವರ ಸೊಂಟ ನೋವಿಗೆ ಕಾರಣ ಹುಡುಕುವುದು ಕಷ್ಟವಲ್ಲ ಎಂದುಕೊಂಡೆ. ಸ್ಟೂಲು ಎತ್ತರ ಮಾಡಿಸಿದೆ, ಮಧ್ಯೆಮಧ್ಯೆ ಎದ್ದು ಓಡಾಡಲು ಹೇಳಿದೆ, ಬೆನ್ನಿನ ವ್ಯಾಯಾಮ ಹೇಳಿಕೊಟ್ಟೆ. ನೋವು ಕದಲಲಿಲ್ಲ. ಒಂದು ದಿನ ಮಂಚದ ಮೇಲೆ ಮಲಗಿಸಿ ಉಸಿರಾಟ ನೋಡಿದೆ. ಉಸಿರು ಎದೆಯಲ್ಲೇ ನಿಲ್ಲುತ್ತಿತ್ತು. ಹೊಟ್ಟೆ, ತೊಡೆ, ಸೊಂಟ ಎಲ್ಲ ಕಲ್ಲಿನ ಹಾಗೆ ಬಿಗಿ. ಹೊಡೆತ ಬೀಳುತ್ತದೆ ಎಂದು ಕಾದವರ ಮೈ ಹಾಗಿರುತ್ತದೆ. ಮನೆಯಲ್ಲಿ ಏನಾದರೂ ತೊಂದರೆಯೇ ಎಂಬ ಅನುಮಾನ ಬಂದು, ಮಾತಿಗೆ ಎಳೆದೆ.

‘ನಿದ್ದೆ ಚೆನ್ನಾಗಿ ಬರುತ್ತಾ?’

‘ಬರುತ್ತೆ ಮೇಡಂ. ಅತ್ತೆ ಗೊರಕೆ ಹೊಡೀತಾರೆ, ಅಷ್ಟೇ.’

‘ಅತ್ತೆ ಜೊತೆ ಮಲಗ್ತೀರಾ?’

‘ಆಪರೇಷನ್ ಆದಾಗಿಂದ ಹಂಗೇ. ಬಾತ್‌ರೂಮಿಗೆ ಕರ್ಕೊಂಡು ಹೋಗೋಕೆ, ನೀರು ಕೊಡೋಕೆ ಯಾರಾದ್ರೂ ಬೇಕಿತ್ತಲ್ಲ. ಅತ್ತೆ ರೂಮಿಗೆ ಬಂದ್ರು. ಇವರು ಹಾಲ್‌ಗೆ ಹೋದ್ರು.’

‘ಈಗ ನೀವೇ ಓಡಾಡ್ತೀರಲ್ಲ?’

ನಾಗರತ್ನ ಸೆರಗಿಗೆ ಅಂಟಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ‘ಅವರಿಗೆ ಇನ್ನು ನಾನು ಬೇಡ ಅನ್ಸುತ್ತೆ ಮೇಡಂ. ಮೊದಲೆಲ್ಲ ಅಡುಗೆಮನೆಗೆ ಬಂದು ಹಿಂದಿನಿಂದ ಜಡೆ ಎಳೆಯೋರು. ಈಗ ಬಾಗಿಲಲ್ಲೇ ನಿಂತು ಕಾಫಿ ಲೋಟ ಇಸ್ಕೋತಾರೆ. ಎಲ್ಲಾ ತೆಗೆದ ಮೇಲೆ ಇನ್ನೇನಿದೆ ಬಿಡಿ. ಎದುರುಮನೆಯೋರು ಮೊದಲೇ ಹೇಳಿದ್ರು, ಒಳಗೆಲ್ಲ ಟೊಳ್ಳಾಗೋಗುತ್ತೆ, ಗಂಡಸರಿಗೆ ಗೊತ್ತಾಗಿಬಿಡುತ್ತೆ ಅಂತ.’

‘ನಿಮ್ಮೋರು ಹಾಗೆ ಹೇಳಿದ್ರಾ?’

‘ಅವರು ಏನೂ ಹೇಳಲ್ಲ. ಬಿಸಿನೀರಿನ ಬ್ಯಾಗ್ ತಂದುಕೊಡ್ತಾರೆ. ಬೆಲ್ಟ್ ತಂದುಕೊಡ್ತಾರೆ. ಕಾಯಿಲೆಯೋರನ್ನ ನೋಡ್ಕೋಬೇಕಲ್ಲ, ಹಂಗೆ.’

ನಾನು ಆಕೆಯನ್ನು ಎಬ್ಬಿಸಿ ಕೂರಿಸಿ, ಕೈಯಲ್ಲೇ ತೋರಿಸುತ್ತಾ ವಿವರಿಸಿದೆ. ತೆಗೆದದ್ದು ಮೇಲಿನ ಗರ್ಭಕೋಶ ಮತ್ತು ಅದರ ಬಾಯಿ. ಕೆಳಗಿನ ದಾರಿ ಹಾಗೇ ಇದೆ. ಅದರ ಮೇಲಿನ ತುದಿಯನ್ನು ಹೊಲಿದು ಮುಚ್ಚಿರುತ್ತಾರೆ. ಸುಖ ಕೊಡುವ ಜಾಗಗಳು ಹೊರಗೂ ಕೆಳಗೂ ಇರುವಂಥವು, ಅವನ್ನು ಯಾರೂ ಮುಟ್ಟಿಲ್ಲ.

ಆಕೆ ಗಮನವಿಟ್ಟು ಕೇಳಿದರು. ‘ಅಂದ್ರೆ ಚೀಲದ ತಳ ಹೊಲಿದಂಗೆ?’

‘ಹೌದು, ಹಾಗೇ.’

‘ಡಬಲ್ ಹೊಲಿಗೆ ಹಾಕಿರ್ತಾರಾ?’

‘ವನಜಾಕ್ಷಿ ಮೇಡಂ ಹಾಕಿದ ಹೊಲಿಗೆ. ನೀವು ಬಿಚ್ಚಬೇಕು ಅಂದ್ರೂ ಬಿಚ್ಚಲ್ಲ’ ಎಂದೆ. ಮೊದಲ ಸಲ ಆಕೆ ನಕ್ಕಿದ್ದು ಆಗ.

ನಾಗರತ್ನ ಔಷಧಿ ತರಲು ಹೋದಾಗ ಶಿವಣ್ಣ ಬಾಗಿಲಿಗೆ ಬಂದರು. ಅದುವರೆಗೆ ಹೊರಗಿನ ಬೆಂಚಿನಲ್ಲಿ ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದನ್ನಷ್ಟೇ ನಾನು ನೋಡಿದ್ದು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, ಗೋಡೆಯ ಮೇಲಿನ ಬೆನ್ನುಮೂಳೆಯ ಚಿತ್ರ ನೋಡುತ್ತಾ ಕೇಳಿದರು.

‘ಮೇಡಂ, ಅವಳ ಸೊಂಟ ನೋವು ಒಳಗಿನ ಹೊಲಿಗೆಯಿಂದಾನಾ?’

‘ಇಲ್ಲ. ಯಾಕೆ ಹಾಗೆ ಕೇಳ್ತೀರಿ?’

‘ನಾನಂತೂ ಮುಟ್ಟಿಲ್ಲ ಮೇಡಂ. ಡಾಕ್ಟರಮ್ಮ ದೂರ ಇರಿ ಅಂದ್ರು ಅಂತ ಅವಳು ಹೇಳಿದ್ಲು. ಇದ್ದೀನಿ.’

‘ಆರು ವಾರ ಅಂದಿದ್ದರು ಶಿವಣ್ಣ.’

‘ಹೂಂ ಮೇಡಂ. ಆರು ವಾರ ಆದ್ಮೇಲೆ ಚೆಕಪ್‌ಗೆ ಬಂದ್ವಿ. ಸಣ್ಣ ಡಾಕ್ಟರು ನೋಡಿ ಎಲ್ಲಾ ನಾರ್ಮಲ್ ಅಂದ್ರು. ಇದೂ ನಾರ್ಮಲ್ ಒಳಗೆ ಬರುತ್ತೋ ಇಲ್ವೋ ಗೊತ್ತಾಗ್ಲಿಲ್ಲ. ಯಾರನ್ನ ಅಂತ ಕೇಳೋದು? ನಮ್ಮ ಫ್ಯಾಕ್ಟರೀಲಿ ಮೆಷಿನ್ ರಿಪೇರಿ ಆದ್ರೆ, ಸೂಪರ್‌ವೈಸರ್ ಬಂದು ಓಡಿಸ್ಬೋದು ಅನ್ನೋವರೆಗೂ ಯಾರೂ ಸ್ವಿಚ್ ಮುಟ್ಟಲ್ಲ.’

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಮನುಷ್ಯ ಹೆಂಡತಿಗೆ ನೋವಾಗದಿರಲಿ ಎಂದು ಅರ್ಧ ವರ್ಷ ಹಾಲ್‌ನ ಚಾಪೆಯ ಮೇಲೆ ಮಲಗಿದ್ದಾರೆ. ಆಕೆ ಒಳಗೆ ಮಲಗಿ, ನಾನು ಇವರಿಗೆ ಬೇಡವಾದೆ ಎಂದು ಮೈಯನ್ನು ಕಲ್ಲು ಮಾಡಿಕೊಂಡಿದ್ದಾರೆ. ನಡುವೆ ಒಂದು ಗೋಡೆ ಅಷ್ಟೇ.

ಮರುದಿನ ವನಜಾಕ್ಷಿ ಮೇಡಂ ಆಪರೇಷನ್ ಮುಗಿಸಿ ಕೈ ತೊಳೆಯುತ್ತಿದ್ದಾಗ ವಿಷಯ ತಿಳಿಸಿದೆ.

‘ನಾನು ಹೇಳ್ತೀನಲ್ಲ ಭಾರತಿ, ಆರು ವಾರ ಅಂತ?’

‘ಬೇಡ ಅನ್ನೋದನ್ನ ಹೇಳ್ತೀವಿ ಮೇಡಂ. ಆಮೇಲೆ ಆಗಬಹುದು ಅನ್ನೋದನ್ನ ನಾವ್ಯಾರೂ ಹೇಳಲ್ಲ. ನೀವೂ ಹೇಳಲ್ಲ, ನಾನೂ ಹೇಳಲ್ಲ.’

ಅವರು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ‘ಹೊಟ್ಟೆ ಕೊಯ್ಯೋಕೆ ನಾಚಿಕೆ ಇಲ್ಲ, ಇದನ್ನ ಹೇಳೋಕೆ ನಾಚಿಕೆ ನೋಡ್ರೀ ನನಗೆ’ ಎಂದು ಜೋರಾಗಿ ನಕ್ಕುಬಿಟ್ಟರು. ‘ಕರೀರಿ ಇಬ್ಬರನ್ನೂ.’

ನಾಗರತ್ನರ ಒಪ್ಪಿಗೆ ಕೇಳಿಯೇ ಇಬ್ಬರನ್ನೂ ಕರೆದೆ. ಮೇಡಂ ಮೊದಲು ಪರೀಕ್ಷೆ ಮಾಡಿದರು. ಆಮೇಲೆ ಗಂಡ ಹೆಂಡತಿಯನ್ನು ಅಕ್ಕಪಕ್ಕ ಕೂರಿಸಿ, ಕೇಸ್ ಶೀಟ್ ಮುಚ್ಚಿಟ್ಟು, ಮಾಮೂಲಿ ದನಿಯಲ್ಲೇ ಹೇಳಿದರು. ‘ಒಳಗಿನ ಗಾಯ ಪೂರ್ತಿ ಮಾಗಿದೆ. ಅಂಡಾಶಯ ಎರಡನ್ನೂ ಉಳಿಸಿದ್ದೀನಿ, ಅವು ಕೆಲಸ ಮಾಡ್ತಿವೆ. ನೀವಿಬ್ಬರೂ ಮೊದಲಿನ ಹಾಗೆ ಸೇರಬಹುದು. ಏನೂ ಬಿಚ್ಚಲ್ಲ, ಯಾರಿಗೂ ಕಾಯಿಲೆ ಬರಲ್ಲ. ಸೇರಬಹುದು ಅಂದೆ, ಸೇರಲೇಬೇಕು ಅನ್ನಲಿಲ್ಲ. ಅವರಿಗೆ ಮನಸ್ಸಿದ್ದಾಗ, ನಿಧಾನಕ್ಕೆ. ನೋವಾದರೆ ಸಹಿಸ್ಕೊಂಡು ಸುಮ್ಮನಿರೋದಲ್ಲ, ಬಂದು ಹೇಳೋದು.’

ಶಿವಣ್ಣ ಎದ್ದು ನಿಂತು ಕೈ ಮುಗಿದರು. ನಾಗರತ್ನ ಮಾತ್ರ ಡಾಕ್ಟರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಗಂಡನನ್ನೇ ನೋಡುತ್ತಿದ್ದರು.

‘ನೀವು ಇದಕ್ಕೇನಾ ಇಷ್ಟು ದಿನ ಹಾಲ್‌ನಲ್ಲಿ ಮಲಗಿದ್ದು?’

‘ಮತ್ತಿನ್ಯಾಕೆ?’

‘ನಾನು ಏನೇನೋ ಅಂದ್ಕೊಂಡ್‌ಬುಟ್ಟಿದ್ದೆ ಕಣ್ರೀ’ ಎಂದವರೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಶಿವಣ್ಣ ಏನು ಮಾಡುವುದೆಂದು ತಿಳಿಯದೆ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಕೊನೆಗೆ ಅದನ್ನು ಮೇಡಂ ಮೇಜಿನ ಮೇಲೆ ಇಟ್ಟು ಆಕೆಯ ಬೆನ್ನಿನ ಮೇಲೆ ಕೈಯಿಟ್ಟರು. ಮೇಡಂ ನನಗೆ ಕಣ್ಣು ಸನ್ನೆ ಮಾಡಿದರು. ನಾವಿಬ್ಬರೂ ಎದ್ದು ಆಚೆ ಬಂದೆವು. ಡಾಕ್ಟರು ತಮ್ಮದೇ ಕೋಣೆಯಿಂದ ಹೊರಬಂದು ಕಾರಿಡಾರಿನಲ್ಲಿ ಕಾಯುತ್ತಾ ನಿಂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇಲ್ಲಿಗೆ ಕತೆ ಮುಗಿಯಿತೆಂದು ನಾನೂ ಅಂದುಕೊಂಡೆ. ಹದಿನೈದು ದಿನ ಬಿಟ್ಟು ನಾಗರತ್ನ ಬಂದಾಗ ಬೆನ್ನು ಅಷ್ಟಕ್ಕಷ್ಟೇ.

‘ಏನಾಯ್ತು?’

‘ಏನೂ ಆಗಿಲ್ಲ ಮೇಡಂ. ಅವರು ಇನ್ನೂ ಹಾಲ್‌ನಲ್ಲೇ ಇದ್ದಾರೆ.’

‘ಯಾಕೆ?’

‘ಅತ್ತೆ ರೂಮಲ್ಲಿದ್ದಾರಲ್ಲ!’

ಅದು ನನ್ನ ತಲೆಗೇ ಹೊಳೆದಿರಲಿಲ್ಲ. ತಾಯಮ್ಮ ಸೊಸೆಯ ಸೇವೆಗೆಂದು ರೂಮಿಗೆ ಬಂದವರು ಅಲ್ಲೇ ಉಳಿದಿದ್ದರು. ಹೋಗಿ ಎಂದು ಯಾರು ಹೇಳುವುದು? ‘ನನ್ನನ್ನ ಕೈ ಹಿಡಿದು ಬಾತ್‌ರೂಮಿಗೆ ಕರ್ಕೊಂಡು ಹೋಗಿದಾರೆ, ತಲೆ ಬಾಚಿದಾರೆ. ಈಗ ಎದ್ದು ಈಚೆಗೋಗಿ ಅಂತ ಹೆಂಗೆ ಹೇಳ್ಲಿ ಮೇಡಂ? ಇವರು ಹೇಳಲಿ ಅಂದ್ರೆ, ಅವ್ವನ ಹತ್ರ ಈ ಮಾತು ನಾನೆಂಗೆ ಎತ್ತಲಿ ಅಂತಾರೆ.’

ತಾಯಮ್ಮನಿಗೆ ಮಂಡಿ ನೋವಿದೆ ಎಂದು ಮಾತಿನ ನಡುವೆ ಗೊತ್ತಾಯಿತು. ಕರೆದುಕೊಂಡು ಬನ್ನಿ ಎಂದೆ. ಬಂದರು. ಎಪ್ಪತ್ತು ದಾಟಿದ, ಒಣಕಲು ಮೈಯ, ಚುರುಕು ಕಣ್ಣಿನ ಹೆಂಗಸು. ಸೊಸೆಯನ್ನು ಆಚೆ ಕೂರಲು ಹೇಳಿ, ಮಂಡಿ ನೋಡಿದೆ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ತೋರಿಸಿದೆ. ಆಮೇಲೆ ನನ್ನ ಬುದ್ಧಿವಂತಿಕೆ ಪ್ರದರ್ಶಿಸಿದೆ.

‘ನೋಡೀಮ್ಮ, ನೀವು ರೂಮಿನಲ್ಲಿ ಮಲಗೋದಕ್ಕಿಂತ ಹಾಲ್‌ನಲ್ಲಿ ಮಲಗಿದರೆ ಒಳ್ಳೇದು. ಗಾಳಿ ಬೆಳಕು ಚೆನ್ನಾಗಿರುತ್ತೆ. ಮಂಡಿಗೆ ಗಾಳಿ ಬೇಕು.’

ತಾಯಮ್ಮ ನನ್ನನ್ನೇ ದಿಟ್ಟಿಸಿದರು. ‘ಮಂಡಿಗೆ ಗಾಳಿ ಬೇಕಾ?’

‘ಹೌದು.’

‘ಎಷ್ಟು ಓದಿದ್ದೀಯವ್ವ ನೀನು?’

ತಾಯಮ್ಮ ಸೀರೆಯ ನೆರಿಗೆಯನ್ನು ಮಂಡಿಯ ಮೇಲೆ ಎಳೆದುಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. ‘ಅಂಗೇ ನೇರವಾಗಿ ಹೇಳ್ಬುಡು. ನಾನು ಈಚೆಗೆ ಮಲಗಬೇಕು, ಅಷ್ಟೇ ತಾನೆ?’

‘ಹೌದಮ್ಮ.’

‘ಯಾರಾದ್ರೂ ಬಾಯಿ ಬಿಡ್ತಾರಾ ಅಂತ ನಾನೂ ಕಾಯ್ತಾನೇ ಇದ್ದೆ ಕಣಮ್ಮ. ಆಪರೇಸನ್ ಆದ ಮೈ. ನಾನೇ ಎದ್ದೋದ್ರೆ, ಅತ್ತೆ ಕೈ ಬುಟ್ಬುಟ್ಳು ಅಂತ ಅವಳು ಅಂದ್ಕೊಂಡ್ರೆ? ಇಲ್ಲ, ಡಾಕ್ಟರು ಬೇಡ ಅಂದಿದ್ದಾಗ ನಾನೇ ಅವರನ್ನ ಜೊತೆ ಮಾಡ್ದಂಗಾದ್ರೆ? ಅದಕ್ಕೆ ಅಡ್ಡ ಮಲಗಿದ್ದೆ. ಆ ರೂಮಲ್ಲಿ ಸೆಕೆಗೆ ನನಗೂ ನಿದ್ದೆ ಇಲ್ಲ.’

ಅಂದು ಸಂಜೆಯೇ ತಾಯಮ್ಮ ‘ಡಾಕ್ಟರು ನನ್ನ ಮಂಡಿಗೆ ಗಾಳಿ ಬೇಕು ಅಂದವ್ರೆ’ ಎಂದು ಚಾಪೆ ಸುತ್ತಿಕೊಂಡು ಹಾಲ್‌ಗೆ ಬಂದರಂತೆ. ನನ್ನ ಸುಳ್ಳನ್ನು ನನಗಿಂತ ಚೆನ್ನಾಗಿ ಬಳಸಿಕೊಂಡರು.

ಮುಂದಿನದು ನನ್ನ ಕೆಲಸ. ಹೊಸಬರು ಇದನ್ನು ಗಮನವಿಟ್ಟು ಓದಬೇಕು. ಮೊದಲ ಪ್ರಯತ್ನದಲ್ಲಿ ನಾಗರತ್ನರಿಗೆ ನೋವಾಯಿತು. ಬಂದು ಹೇಳಿದರು, ಅದೇ ದೊಡ್ಡ ವಿಷಯ. ಶಿವಣ್ಣ ತಕ್ಷಣ ಹಿಂದೆ ಸರಿದು, ಆಚೆ ಹೋಗಿ ನೀರು ಕುಡಿದು ಬಂದು, ‘ಬೇಡ ಬುಡು, ನನಗೇನೂ ಅವಸರವಿಲ್ಲ’ ಎಂದರಂತೆ. ವನಜಾಕ್ಷಿ ಮೇಡಂ ಮತ್ತೆ ಪರೀಕ್ಷಿಸಿದರು. ಗಾಯದಲ್ಲಿ ಏನೂ ಇರಲಿಲ್ಲ. ತಿಂಗಳುಗಟ್ಟಲೆ ಹೆದರಿ ಬಿಗಿಹಿಡಿದ ಸ್ನಾಯುಗಳು ಬಿಗಿಯಾಗೇ ಉಳಿದಿದ್ದವು, ಜೊತೆಗೆ ಯೋನಿಯ ಒಳಭಾಗ ಸ್ವಲ್ಪ ಒಣಗಿತ್ತು. ಮೇಡಂ ಒಂದು ಜೆಲ್ ಬರೆದುಕೊಟ್ಟರು. ಅಂಡಾಶಯವನ್ನೂ ತೆಗೆಸಿಕೊಂಡವರಲ್ಲಿ ಈ ಒಣಗುವಿಕೆ, ಮೈ ಬಿಸಿಯೇರುವುದು, ಮನಸ್ಸು ಕುಗ್ಗುವುದು ಎಲ್ಲ ಒಮ್ಮೆಗೇ ಬರುತ್ತದೆ. ಅವರಿಗೆ ಬೇರೆ ಚಿಕಿತ್ಸೆ ಬೇಕಾಗುತ್ತದೆ, ಅದನ್ನು ಡಾಕ್ಟರೇ ನಿರ್ಧರಿಸಬೇಕು.

ನಾನು ಕಲಿಸಿದ್ದು ಬಿಡುವುದನ್ನು. ಅದುವರೆಗೆ ನಾನು ಎಲ್ಲರಿಗೂ ಕಲಿಸುತ್ತಿದ್ದುದು ಹಿಡಿಯುವುದನ್ನು ಮಾತ್ರ. ಬೆನ್ನಡಿಯಲ್ಲಿ ದಿಂಬು, ಮಂಡಿ ಮಡಿಸಿ ಹೊರಗೆ ಸಡಿಲ ಬಿಟ್ಟು, ಉಸಿರನ್ನು ಹೊಟ್ಟೆಯ ಕೆಳಗಿನ ತನಕ ಎಳೆದುಕೊಂಡು, ಹೊರಬಿಡುವಾಗ ಅಲ್ಲಿನ ಬಿಗಿಯನ್ನೂ ಬಿಡುವುದು. ಮೊದಲ ದಿನ ನಾಗರತ್ನರಿಗೆ ಎಲ್ಲಿ ಬಿಗಿ ಹಿಡಿದಿದ್ದೇನೆ ಎಂಬುದೇ ಗೊತ್ತಾಗಲಿಲ್ಲ. ಹೊಲಿಗೆ ಮೆಷಿನ್ನಿನಲ್ಲಿ ಟೆನ್ಷನ್, ಅಂದರೆ ದಾರದ ಬಿಗಿ, ಜಾಸ್ತಿಯಾದರೆ ಅದು ಬಟ್ಟೆಯನ್ನು ಸುಕ್ಕು ಮಾಡುತ್ತದಂತೆ. ಸ್ಕ್ರೂ ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತಾ ಬರಬೇಕಂತೆ. ಅದನ್ನು ಆಕೆಯೇ ನನಗೆ ಹೇಳಿ, ‘ಇದೂ ಹಂಗೇ ಬುಡಿ’ ಎಂದು ತಾವೇ ದಾರಿ ಕಂಡುಕೊಂಡರು. ಬಿಗಿ ಪೂರ್ತಿ ಸಡಿಲವಾಗುವ ತನಕ ಬರೀ ಜೊತೆಗೆ ಮಲಗಿ, ಬೇರೆ ಏನೂ ಇಲ್ಲ ಎಂದು ಇಬ್ಬರಿಗೂ ಹೇಳಿದೆ. ಅದು ಅವರಿಗೆ ಎಲ್ಲಕ್ಕಿಂತ ಇಷ್ಟವಾದ ವ್ಯಾಯಾಮ.

ಸೊಂಟ ನೋವು ಯಾವಾಗ ಹೋಯಿತೆಂದು ಆಕೆಗೂ ನೆನಪಿಲ್ಲ. ಒಂದು ದಿನ ಬಂದು, ನಾನು ಬೆನ್ನು ಮುಟ್ಟಿ ನೋಡುವಾಗ, ‘ಎಲ್ಲಾ ಸರಿಹೋಯ್ತು ಮೇಡಂ’ ಎಂದರು. ಎಲ್ಲಾ ಎಂಬ ಪದಕ್ಕೆ ಒತ್ತು ಕೊಟ್ಟು, ನನ್ನ ಮುಖ ನೋಡದೆ ನಕ್ಕರು. ‘ಮೊದಲಿಗಿಂತ ಚೆನ್ನಾಗಿದೆ ಕಣ್ರೀ. ರಕ್ತ ಹೋಗುತ್ತೆ ಅನ್ನೋ ಚಿಂತೆ ಇಲ್ಲ, ತಿಂಗಳಿನ ಲೆಕ್ಕ ಇಲ್ಲ.’ ಮುಂದೆ ಎಷ್ಟೋ ಜನರ ಬಾಯಿಂದ ಈ ಮಾತನ್ನೇ ಕೇಳಿದೆ. ಹಾಗೆಯೇ, ನನಗೆ ಅದರಲ್ಲಿ ಆಸಕ್ತಿಯಿಲ್ಲ, ನಾನು ಹೀಗೇ ಸುಖವಾಗಿದ್ದೇನೆ ಎಂದವರೂ ಇದ್ದರು. ಅವರನ್ನು ಸರಿಮಾಡಲು ಹೋಗಬಾರದು. ಸರಿಯಾಗೇ ಇದ್ದಾರೆ.

ವನಜಾಕ್ಷಿ ಮೇಡಂ ಆಮೇಲೆ ಬದಲಾದರು. ಮನೆಗೆ ಕಳಿಸುವ ದಿನ ಗಂಡನನ್ನೂ ಒಳಗೆ ಕರೆಯುತ್ತಿದ್ದರು.

‘ಆರು ವಾರ ಬೇಡ. ಆಮೇಲೆ ಇಬ್ಬರೂ ಬನ್ನಿ. ನಾನು ನೋಡಿ ಆಗಬಹುದು ಅಂದ ಮೇಲೆ ಆಗಬಹುದು. ನಾನು ಹೇಳೋದು ಮರೆತರೆ ನೀವೇ ಕೇಳಿ’ ಎಂದು, ಹೊರಗೆ ಕೂತವರಿಗೂ ಕೇಳುವ ದನಿಯಲ್ಲಿ ಹೇಳುತ್ತಿದ್ದರು. ಹೊಸದಾಗಿ ಬಂದ ಸಣ್ಣ ಡಾಕ್ಟರುಗಳು ಮೊದಮೊದಲು ಕಿವಿ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತಿದ್ದರು. ಕ್ರಮೇಣ ಅವರೂ ಹೇಳಲು ಕಲಿತರು. ಶನಿವಾರಗಳಂದು ನನ್ನ ಕೋಣೆಗೆ ಗಂಡಂದಿರೂ ಬರುವಂತಾಯಿತು. ಒಳಗೆ ಬಂದ ಮೇಲೆ ಐದು ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಅವರು ಸುರು ಮಾಡುವ ತನಕ ನೀವು ಸುಮ್ಮನೆ ಕಾಯಬೇಕು. ಈ ಕೆಲಸದಲ್ಲಿ ನಾನು ಕಲಿತ ಅತಿ ಕಷ್ಟದ ವಿದ್ಯೆ ಅದು.

ತಾಯಮ್ಮ ಮಂಡಿಗೆಂದು ಆಗಾಗ ಬರುತ್ತಿದ್ದರು. ಒಂದು ಸಲ ವ್ಯಾಯಾಮವೆಲ್ಲ ಮುಗಿದ ಮೇಲೂ ಎದ್ದು ಹೋಗಲಿಲ್ಲ. ಸೊಸೆ ಆಚೆ ಆಟೋ ಹುಡುಕಲು ಹೋಗಿದ್ದರು.

‘ಮಂಡಿ ಹೇಗಿದೆಯಮ್ಮ?’

‘ಮಂಡಿ ಚೆನ್ನಾಗದೆ. ಗಾಳಿ ಆಡ್ತದಲ್ಲ’ ಎಂದು ಕಣ್ಣು ಮಿಟುಕಿಸಿದರು. ಆಮೇಲೆ ಹತ್ತಿರ ಬಂದು ನನ್ನ ತೋಳು ಹಿಡಿದುಕೊಂಡರು. ‘ಒಂದು ಉಪಕಾರ ಆಗ್ಬೇಕಲ್ಲವ್ವ. ನಮ್ಮ ಶಿವು ನಿನ್ನ ಮಾತು ಕೇಳ್ತಾನೆ. ಆ ಮಂಚ ಹಳೇದು, ಕಿರ್ ಅಂತದೆ. ಫ್ಯಾಕ್ಟರೀಲಿ ದಿನಾ ಮೆಷಿನ್ನಿಗೆ ಎಣ್ಣೆ ಬಿಡ್ತಾನೆ, ಮನೇಲಿ ಮಂಚದ ಕಾಲಿಗೆ ಒಂದು ತೊಟ್ಟು ಬಿಡಕ್ಕೆ ತೋಚಿಲ್ಲ ಅವನಿಗೆ. ಹಾಲ್‌ನಲ್ಲಿ ನನಗೆ ನಿದ್ದೆ ಬರ್ಬೇಕಾ ಬೇಡ್ವಾ? ನಾನು ತಾಯಿ, ನಾನೆಂಗೆ ಹೇಳ್ಲಿ. ನೀನೇ ಹೇಳ್ಬುಡು.’

ಹೇಳಿದೆ.